ಮೇಷ್ಟ್ರಿಗೆ ಬೇರೆ ಅನ್ನಿಸಿತ್ತು

ಕಳೆದ ತಿಂಗಳು ಸಾಗರದಲ್ಲಿ ಒಂದು ಸಹಕಾರ ಸಂಘದ ವಾರ್ಷಿಕ ಸಭೆಗೆ ಹೋಗಿದ್ದೆ. ನಾನು ಅದರ ಹಳೆಯ ಸದಸ್ಯ. ಪತ್ರಿಕೆಯ ಕೆಲಸದಿಂದ ನಿವೃತ್ತನಾದ ಮೇಲೆ ಇಂಥ ಸಭೆಗಳಿಗೆ ಹೋಗಲು ಪುರುಸೊತ್ತು ಸಿಗುತ್ತಿದೆ. ಬಾಗಿಲಲ್ಲೇ ಒಂದು ಮೇಜು, ಅದರ ಮೇಲೆ ಹಾಜರಿ ಪುಸ್ತಕ, ಪಕ್ಕದಲ್ಲಿ ಸಹಿ ಬಾರದವರ ಹೆಬ್ಬೆರಳಿಗೆಂದು ತೆರೆದಿಟ್ಟ ನೇರಳೆ ಮಸಿಯ ಪ್ಯಾಡು. ಆಗಷ್ಟೇ ಮಸಿ ಹಾಕಿದ್ದರೆಂದು ಕಾಣುತ್ತದೆ, ಬಗ್ಗಿದ ಕೂಡಲೇ ಅದರ ವಾಸನೆ ಮೂಗಿಗೆ ಬಡಿಯಿತು. ಸ್ವಲ್ಪ ಸಿಹಿ, ಸ್ವಲ್ಪ ಸ್ಪಿರಿಟ್ಟು... ಮೇಜಿನ ಹಿಂದೆ ಕುಳಿತಿದ್ದ ಗುಮಾಸ್ತೆ, "ಮೊದ್ಲು ಸಹಿ ಹಾಕಿ ಸಾರ್, ಒಳಗೆ ಕಾಫಿ ಇದೆ" ಎಂದರು. ಪೆನ್ನು ಹಿಡಿದವನು ಹಾಗೇ ನಿಂತೆ. ಹಿಂದೆ ಸಾಲಿನಲ್ಲಿದ್ದವರೊಬ್ಬರು, "ಎಂತ ಮಾರಾಯ್ರೆ, ಸ್ವಂತ ಹೆಸ್ರೇ ಮರ್ತೋತಾ?" ಎಂದು ನಕ್ಕರು.

ಮರೆತಿರಲಿಲ್ಲ. ಇನ್ನೊಬ್ಬರ ಹೆಸರು ನೆನಪಾಗಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರನ್ನು ಒಮ್ಮೆ ಸೇರಬಾರದ ಕಡೆ ಸೇರಿಸಿ ಆಗಿದೆ. ನಾವು ಅವರನ್ನು ಇಂಗ್ಲಿಷ್ ಮೇಷ್ಟ್ರು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಇರಲಿ.

ಹೊಸನಗರದಲ್ಲಿ ನಾನು ಹೈಸ್ಕೂಲು ಓದುವಾಗ ಅವರು ನಮಗೆ ಮೂರು ವರ್ಷ ಇಂಗ್ಲಿಷ್ ಕಲಿಸಿದರು. ತೆಳ್ಳಗಿನ ಮನುಷ್ಯ, ತುಂಬುತೋಳಿನ ಅಂಗಿ, ಗುಂಡಿ ಕುತ್ತಿಗೆಯವರೆಗೆ. ಪಾಠ ಮುಗಿಯಲಿ ಬಿಡಲಿ, ಶುಕ್ರವಾರದ ಕೊನೆಯ ಪೀರಿಯಡ್ಡು ಪದಗಳಿಗೆ ಮೀಸಲು. ಶಿವಮೊಗ್ಗದಲ್ಲಿ ಹಳೇ ಪುಸ್ತಕದ ಅಂಗಡಿಯಿಂದ ತಂದ, ರಟ್ಟು ಕಿತ್ತುಹೋದ ಒಂದು ದಪ್ಪ ನಿಘಂಟು ಅವರ ಬಳಿ ಇತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. "ಲ್ಯಾಟಿನ್ ನಂಗೆ ಬರಲ್ಲ. ಬೇರು ಮಾತ್ರ ಗೊತ್ತು. ಮರ ನೋಡಿದವನಲ್ಲ ನಾನು" ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಒಂದು ಶುಕ್ರವಾರ ಅವರು ಬೋರ್ಡಿನ ನಡುವೆ 'ಸೆಂಟೀರೆ' ಎಂದು ಬರೆದರು. ಅನ್ನಿಸುವುದು ಎಂದು ಅದರ ಅರ್ಥ. ಸುತ್ತಲೂ ಅದರಿಂದ ಹುಟ್ಟಿದ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಕೂರಿಸಿದರು. ಅಸೆಂಟ್ ಅಂದರೆ ಒಂದು ಮಾತಿನ ಕಡೆಗೆ ಮನಸ್ಸು ವಾಲುವುದು. ಕನ್ಸೆಂಟ್ ಅಂದರೆ ಇನ್ನೊಬ್ಬರ ಜೊತೆಗೆ ಹಾಗೇ ಅನ್ನಿಸುವುದು. ಎಲ್ಲರಿಗೂ ಕೂಡಿ ಅನ್ನಿಸಿದರೆ ಕನ್ಸೆನ್ಸಸ್. ಬೇರೆಯಾಗಿ ಅನ್ನಿಸಿದರೆ ಡಿಸೆಂಟ್. ಅನ್ನಿಸಿದ್ದು ಹೋಗದೆ ಮತ್ತೆ ಮತ್ತೆ ಮರಳಿ ಚುಚ್ಚುತ್ತಿದ್ದರೆ ಅದು ರಿಸೆಂಟ್‌ಮೆಂಟ್. ನ್ಯಾಯಾಧೀಶರು ಕೊಡುವ ಸೆಂಟೆನ್ಸು ಕೂಡ ಮೂಲದಲ್ಲಿ ಅವರಿಗೆ ಅನ್ನಿಸಿದ್ದೇ ಎಂದರು. ಒಪೀನಿಯನ್ ಎಂಬ ಪದವನ್ನು ಮಾತ್ರ ಬೋರ್ಡಿನ ಮೂಲೆಯಲ್ಲಿ ಒಂಟಿಯಾಗಿ ಬರೆದರು. ಅದು ಬೇರೆ ಬೇರಿನದು, ಸುಮ್ಮನೆ ಹೀಗಿರಬಹುದು ಎಂದುಕೊಳ್ಳುವುದು. "ಅಂದ್ಕೊಳ್ಳೋದು ಸುಲಭ. ಅನ್ನಿಸ್ಬೇಕಾದ್ರೆ ನೀನು ಅಲ್ಲಿರ್ಬೇಕು, ನೋಡ್ಬೇಕು. ನಮ್ಮ ಕನ್ನಡದ ಅನಿಸಿಕೆ ಅನ್ನೋ ಪದ ಉಂಟಲ್ಲ, ಅದು ಈ ಸೆಂಟೀರೆ ಪಕ್ಕ ಕೂರೋ ಪದ."

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಹಂಗಾರೆ ಡಿಸೆಂಟ್ ಅಂದ್ರೆ ವಿರೋಧ ಅಲ್ಲನ ಸಾರ್?"

"ವಿರೋಧ ಆಮೇಲೆ ಮಾರಾಯ. ಮೊದ್ಲು ಬೇರೆ ಅನ್ನಿಸ್ಬೇಕಲ್ಲ. ಅನ್ನಿಸಿದ್ದನ್ನ ಹೇಳೋದ್ರಲ್ಲಿ ಎಂತ ಜಗಳ ಉಂಟು?"

ಆ ಪಾಠವನ್ನು ಅವರು ಅಲ್ಲಿಗೇ ಬಿಡಲಿಲ್ಲ. ತರಗತಿಯಲ್ಲಿ ಏನು ತೀರ್ಮಾನವಾದರೂ ಒಂದು ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದರು, ಬೇರೆ ಅನ್ನಿಸಿದವರ ಮಾತನ್ನು ಕಾರಣದ ಸಮೇತ ಅದರ ಕೆಳಗೇ ಬರೆಸುತ್ತಿದ್ದರು. ಆ ವರ್ಷ ಇಕ್ಕೇರಿಗೆ ಪ್ರವಾಸ ಹೋಗುವಾಗ, ಮೊದಲು ಸಾಗರದಲ್ಲಿ ಸುತ್ತಾಡಿ ಊಟ ಮುಗಿಸಿ ಆಮೇಲೆ ದೇವಸ್ಥಾನ ನೋಡೋಣ ಎಂದು ಇಡೀ ತರಗತಿ ಕೂಗಿತ್ತು. ಒಬ್ಬಳು ಮಾತ್ರ ಬೇಡ ಎಂದಳು. ಮಧ್ಯಾಹ್ನ ಅಂಗಳದ ಕಲ್ಲು ಕಾದಿರುತ್ತದೆ, ಚಪ್ಪಲಿ ಹೊರಗೆ ಬಿಡಬೇಕು ಎಂಬುದು ಅವಳ ಕಾರಣ. ನಾವೆಲ್ಲ "ಓ ರಾಜಕುಮಾರಿ" ಎಂದು ಅಣಕಿಸಿದೆವು. ಮೇಷ್ಟ್ರು ಅವಳ ಮಾತನ್ನು ಬರೆಸಿದರು, ಪ್ರವಾಸವನ್ನು ನಮ್ಮಿಷ್ಟದಂತೆಯೇ ಮಾಡಿದರು. ಇಕ್ಕೇರಿಯ ಆ ಅಂಗಳದಲ್ಲಿ ನಾವು ಒಂಟಿಕಾಲಿನಲ್ಲಿ ಕುಣಿಯುತ್ತಿದ್ದಾಗ ಅವರು ನೆರಳಿನಲ್ಲಿ ನಿಂತು ನೋಟ್‌ಬುಕ್ ತೆಗೆದು ಅವಳ ಮಾತನ್ನು ಗಟ್ಟಿಯಾಗಿ ಓದಿದರು. ಆ ಹುಡುಗಿ ನಗಲಿಲ್ಲ, ಅವಳ ಕಾಲೂ ಸುಡುತ್ತಿತ್ತು...

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಅದು ತಿಳಿಯಬೇಕಾದರೆ ನಮ್ಮ ಕಡೆಯ ಸಭೆಗಳ ರೂಢಿ ಹೇಳಬೇಕು. ಸಂಘ, ಸಮಿತಿ, ಮಂಡಳಿ ಯಾವುದೇ ಇರಲಿ, ಠರಾವು ಪುಸ್ತಕದ ಪುಟದ ಮೇಲ್ಭಾಗದಲ್ಲಿ ಬಂದವರ ಸಹಿಯನ್ನು ಮೊದಲೇ ಹಾಕಿಸಿಕೊಳ್ಳುತ್ತಾರೆ. ಕೆಳಗೆ ಜಾಗ ಖಾಲಿ. ಮಾತುಕತೆ, ಕಾಫಿ, ಅವಲಕ್ಕಿ ಎಲ್ಲ ಮುಗಿದು ಜನ ಮನೆಗೆ ಹೋದ ಮೇಲೆ, ಅದೇ ದಿನವೋ ಮಾರನೆಯ ದಿನವೋ, ಕಾರ್ಯದರ್ಶಿ ಆ ಜಾಗದಲ್ಲಿ ನಡಾವಳಿ ಬರೆಯುತ್ತಾರೆ. ಪ್ರತಿ ಠರಾವೂ "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂದೇ ಮುಗಿಯುತ್ತದೆ. ಇದರಲ್ಲಿ ಮೋಸದ ಉದ್ದೇಶ ಇರುವುದು ಕಡಿಮೆ. ಹಾಗೆ ಬರೆಯದಿದ್ದರೆ ಊರಿನಲ್ಲಿ ಒಡಕಿದೆ ಎಂದಾಗುತ್ತದೆ, ನಾಳೆ ಮುಖ ನೋಡಬೇಕಾದವರು ಎಂಬ ಸಂಕೋಚ. ಇಂಗ್ಲಿಷ್ ಮೇಷ್ಟ್ರು ಮಾತ್ರ ಎಂದೂ ಮೊದಲು ಸಹಿ ಹಾಕಿದವರಲ್ಲ. ನಡಾವಳಿ ಬರೆದು ಮುಗಿಯುವವರೆಗೆ ಕುಳಿತಿದ್ದು, ಓದಿ, ಕೊನೆಯ ಸಾಲಿನ ಕೆಳಗೆ ಸಹಿ ಹಾಕಿ ಏಳುತ್ತಿದ್ದರು. ಜೊತೆಯ ಶಿಕ್ಷಕರು ಅವರನ್ನು 'ಕಡೇ ಸಹಿ' ಎಂದು ಚುಡಾಯಿಸುತ್ತಿದ್ದರು. "ಕಡೇ ಸಹಿ ಬಂದ್ರಾ? ಹಂಗಾರೆ ಇವತ್ತು ಕಡೇ ಬಸ್ಸೇ ಗತಿ."

ನಾನು ಓದು ಮುಗಿಸಿ ಸಾಗರದಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾದೆ. ಅವರು ನಿವೃತ್ತರಾಗಿ ಹೊಸನಗರ ತಾಲ್ಲೂಕಿನ ತಮ್ಮ ಊರಿಗೆ ಹೋದರು. ಅಲ್ಲಿನ ಚಿಕ್ಕ ಶಾಲೆಯಲ್ಲಿ ವಾರಕ್ಕೆರಡು ದಿನ ಸಂಬಳವಿಲ್ಲದೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು, ಶಾಲಾ ಸಮಿತಿಗೂ ಅವರನ್ನು ಸೇರಿಸಿಕೊಂಡಿದ್ದರು. ಪಾಠದ ದಿನ ತಮ್ಮ ತಟ್ಟೆ ತೆಗೆದುಕೊಂಡು ಹೋಗಿ ಮಕ್ಕಳ ಸಾಲಿನಲ್ಲೇ ಬಿಸಿಯೂಟಕ್ಕೆ ಕೂರುತ್ತಾರೆ ಎಂದು ಕೇಳಿದ್ದೆ. ಅಡುಗೆ ಮಾಡುತ್ತಿದ್ದವರು ಅದೇ ಊರಿನ, ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು. ಓದುವ ಮಗಳೊಬ್ಬಳಿದ್ದಳು. ಮಕ್ಕಳು ಅವರನ್ನು ಅಡುಗೆಯಮ್ಮ ಎನ್ನುತ್ತಿದ್ದರು.

ಕೆಲವು ಪಾಲಕರು ಅಡುಗೆಯಮ್ಮನ ಕೈಯಡುಗೆ ನಮ್ಮ ಮಕ್ಕಳಿಗೆ ಬೇಡ ಎಂದರು. ಅವರ ಜಾತಿ ಕಾರಣ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಮಿತಿ ಸಭೆ ಸೇರಿತು. ಎರಡು ದಿನದ ಮೇಲೆ ಸಮಿತಿಯ ಕಾರ್ಯದರ್ಶಿ ನನ್ನ ಕಚೇರಿಗೆ ಫೋನ್ ಮಾಡಿ ಠರಾವು ಓದಿದರು. ನಾನು ನಾಲ್ಕು ಸಾಲು ಬರೆದುಕೊಂಡೆ: ಶುಚಿತ್ವದ ದೃಷ್ಟಿಯಿಂದ ಅಡುಗೆ ಸಹಾಯಕಿಯನ್ನು ಬದಲಿಸಲು ಶಾಲಾ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ, ಸಭೆಯಲ್ಲಿ ಇಂಥಿಂಥವರು ಹಾಜರಿದ್ದರು. ಹಾಜರಿದ್ದವರ ಪಟ್ಟಿಯಲ್ಲಿ ಮೊದಲ ಹೆಸರು ಮೇಷ್ಟ್ರದು. ನನಗೆ ಏನೂ ಅನ್ನಿಸಲಿಲ್ಲ. ನಾನು ಸಭೆಗೆ ಹೋಗಿರಲಿಲ್ಲ, ಯಾರನ್ನೂ ವಿಚಾರಿಸಲಿಲ್ಲ. ಮಾರನೆಯ ದಿನ ಒಳಪುಟದಲ್ಲಿ ಸುದ್ದಿ ಬಂತು.

ಅದಾಗಿ ಮೂರನೆಯ ದಿನ ಬೆಳಗ್ಗೆ ಹೊಸನಗರದ ಬಸ್ಸಿನಲ್ಲಿ ಮೇಷ್ಟ್ರು ಬಂದರು. ಕಚೇರಿಯ ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದರು. ಚಹಾ ತರಿಸುತ್ತೇನೆಂದರೆ ಬೇಡವೆಂದರು. ಜೇಬಿನಿಂದ ಆ ಸುದ್ದಿಯ ತುಂಡನ್ನು ತೆಗೆದು ನನ್ನ ಮೇಜಿನ ಮೇಲೆ ನೆರಿಗೆ ಬಿಡಿಸಿ ಇಟ್ಟರು.

"ಇದನ್ನ ಬರೆದವ ನೀನಾ?"

"ಹೌದು ಸಾರ್."

"ನಾನು ಒಪ್ಪಿರ್ಲಿಲ್ಲ ಮಾರಾಯ."

ಸಭೆಯಲ್ಲಿ ಅವರು ಎದ್ದು ನಿಂತು, ಇದು ನನಗೆ ಸರಿ ಕಾಣುತ್ತಿಲ್ಲ, ಶುಚಿತ್ವದ ಮಾತು ಸುಳ್ಳು, ನಾನು ಅಲ್ಲೇ ಉಣ್ಣುವವನು, ನನಗೆ ಗೊತ್ತು, ಬರೆದುಕೊಳ್ಳಿ ಎಂದಿದ್ದರಂತೆ. ಎಲ್ಲರೂ "ಆಯ್ತು ಸಾರ್, ಕೂತ್ಕಳಿ" ಎಂದಿದ್ದರು. ಅಷ್ಟರಲ್ಲಿ ಕಾಫಿ ಬಂತು. ಬರೆದದ್ದು ಮಾರನೆಯ ದಿನ. ತಿದ್ದಿ ಎಂದು ಕೇಳಿದರೆ ಕಾರ್ಯದರ್ಶಿ, "ಬರ್ದಾಗೋಯ್ತಲ್ಲ ಸಾರ್, ಈಗ ಗೀಚಿದ್ರೆ ಪುಸ್ತಕ ಹಾಳಾಗ್ತದೆ" ಎಂದಿದ್ದರು. ಸೂತಕ ಕಳೆದ ಹಾಗೆ ಇದೂ ಕಳೆದುಹೋಗುತ್ತದೆ ಎಂಬ ಧಾಟಿ.

ನಾನು ಕೇಳಿದೆ: "ಸಾರ್, ಪುಸ್ತಕದಲ್ಲಿ ನಿಮ್ಮ ಸಹಿ ಮೊದಲೇ ಇದೆಯಲ್ಲ?"

ಕಾರ್ಯದರ್ಶಿ ಅವರ ಹಳೆಯ ವಿದ್ಯಾರ್ಥಿ. ಆ ದಿನ ಬಾಗಿಲಿಗೇ ಬಂದು ಪೆನ್ನು ಚಾಚಿ, "ಕಾಯಂ ಕಡೇಲೇ ಹಾಕ್ತೀರಿ, ಇವತ್ತೊಂದಿನ ನಿಮ್ಮ ಹೆಸ್ರು ಎಲ್ಲರ ಮೇಲೆ ಇರ್ಲಿ ಸಾರ್, ನಮಗೊಂದು ಗೌರವ" ಎಂದರಂತೆ. ಮೇಷ್ಟ್ರು ಹಾಕಿಬಿಟ್ಟರು. "ಸಂತೋಷ ಆತು ನಂಗೆ. ಈ ವಯಸ್ಸಲ್ಲಿ ಯಾರಾದ್ರೂ ಹಂಗೆ ಕರೆದ್ರೆ ಸಂತೋಷ ಆಗ್ತದೆ. ಅದೇ ತಪ್ಪಾತು" ಎಂದು ಮೇಜಿನ ಅಂಚನ್ನು ನೋಡುತ್ತಾ ಹೇಳಿದರು. ನಾನು ಅವರನ್ನು ಹಾಗೆ ಎಂದೂ ನೋಡಿರಲಿಲ್ಲ.

ಅವರು ಕೇಳಿದ್ದು ಒಂದೇ ಸಾಲು. ಸಭೆಯಲ್ಲಿ ಒಬ್ಬ ಸದಸ್ಯರು ಈ ತೀರ್ಮಾನವನ್ನು ಒಪ್ಪಲಿಲ್ಲ ಎಂದು ಹಾಕು, ನನ್ನ ಹೆಸರೂ ಬೇಡ, ಯಾರೆಂದು ತಿಳಿಯಬೇಕಾದವರಿಗೆ ತಿಳಿಯುತ್ತದೆ ಎಂದರು. ನಾನು ನಿಯಮ ಹೇಳಿದೆ. ತಿದ್ದುಪಡಿ ಹಾಕಬೇಕಾದರೆ ದಾಖಲೆ ಬೇಕು, ದಾಖಲೆಯಲ್ಲಿ ಸರ್ವಾನುಮತ ಎಂದಿದೆ, ಅದರ ಮೇಲೆ ನಿಮ್ಮದೇ ಸಹಿಯಿದೆ. ನಿಯಮ ಸರಿಯಾಗಿಯೇ ಇತ್ತು. ಆದರೆ ನಿಯಮದ ಹಿಂದೆ ಇನ್ನೊಂದು ವಿಷಯವೂ ಇತ್ತು: ಎಷ್ಟೋ ವರ್ಷ ತಾತ್ಕಾಲಿಕವಾಗಿ ದುಡಿದ ಮೇಲೆ ಕೆಲಸ ಕಾಯಂ ಆಗಿ ಆಗಿನ್ನೂ ಒಂದು ವರ್ಷವಾಗಿರಲಿಲ್ಲ, ನನ್ನ ವರದಿಗೆ ತಿದ್ದುಪಡಿ ಬಂದರೆ ಮೇಲಿನವರು ಕಾರಣ ಕೇಳುತ್ತಿದ್ದರು. ಸಭೆಗೆ ಹೋಗದೆ ಫೋನಿನಲ್ಲಿ ಬರೆದುಕೊಂಡೆ ಎಂದು ಹೇಳಬೇಕಾಗುತ್ತಿತ್ತು. ಹಾಗಾಗಿ ಅವರಿಗೆ ಬೇರೆ ದಾರಿ ತೋರಿಸಿದೆ. ಓದುಗರ ಪತ್ರದ ಅಂಕಣಕ್ಕೆ ನೀವೇ ನಾಲ್ಕು ಮಾತು ಬರೆದುಕೊಡಿ ಸಾರ್, ಹಾಕಿಸುತ್ತೇನೆ ಎಂದೆ.

"ಪತ್ರ ಬರೆದ್ರೆ ಅದು ನನ್ನ ಅಭಿಪ್ರಾಯ ಆಗ್ತದೆ. ನಾನು ಕೇಳ್ತಿರೋದು ನಡೆದದ್ದನ್ನ."

"ನಾಲ್ಕು ಸಾಲಿನ ಸುದ್ದಿ ಸಾರ್. ಒಂದು ವಾರ ಕಳೆದ್ರೆ ಯಾರಿಗೆ ನೆನಪಿರತ್ತೆ?"

"ಒಬ್ರಿಗೆ" ಎಂದರು, ಅಲ್ಲಿಗೇ ನಿಲ್ಲಿಸಿದರು.

ಯಾರಿಗೆ ಎಂದು ನಾನು ಕೇಳಲಿಲ್ಲ. ವರದಿಗಾರನಾದವನು ಮೊದಲು ಕೇಳಬೇಕಾದ ಪ್ರಶ್ನೆ ಅದು. ಅವರು ಕಾಗದದ ತುಂಡನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಜೇಬಿಗೆ ಹಾಕಿಕೊಂಡರು. "ನೀನು ಕೆಲಸ ಚೆನ್ನಾಗಿ ಮಾಡ್ತೀಯ ಅಂತ ಕೇಳಿದೀನಿ. ಬರ್ತೀನಿ" ಎಂದು ಹೊರಟರು. ವ್ಯಂಗ್ಯವಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಹತ್ತಿದ್ದಕ್ಕಿಂತ ನಿಧಾನವಾಗಿ ಮೆಟ್ಟಿಲಿಳಿದರು...

ಅಡುಗೆಯಮ್ಮನ ಕೆಲಸ ಹೋಯಿತು. ಮುಂದಿನ ವರ್ಷ ಅವರು ಊರು ಬಿಟ್ಟರೆಂದು ಕೇಳಿದೆ. ಮೇಷ್ಟ್ರು ಸಮಿತಿಯಿಂದ ಹೊರಬಂದರು, ಶಾಲೆಗೆ ಹೋಗುವುದನ್ನೂ ಬಿಟ್ಟರು. ನನಗೆ ಮತ್ತೆ ಸಿಗಲಿಲ್ಲ. ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಬಂದದ್ದೂ ನನ್ನ ಮೇಜಿಗೇ. ನಿಧನ ವಾರ್ತೆ ನಾನೇ ಬರೆದೆ. "ಸರ್ವರ ಪ್ರೀತಿಗೆ ಪಾತ್ರರಾಗಿದ್ದರು" ಎಂದು ಮುಗಿಸಿದೆ. ಅದನ್ನೂ ಯಾರನ್ನೂ ಕೇಳಿ ಬರೆದದ್ದಲ್ಲ, ಕೈಗೆ ಬಂದ ರೂಢಿಯ ವಾಕ್ಯ. ಅಚ್ಚಾದ ಮೇಲೆ ಓದಿದಾಗ ಒಂದು ಕ್ಷಣ ಏನೋ ಚುಚ್ಚಿತು. ಪುಟ ತಿರುಗಿಸಿದೆ.

ಇಷ್ಟು ವರ್ಷ ಪುಟ ತಿರುಗಿಸುತ್ತಲೇ ಬಂದಿದ್ದೆ. ಸಾಗರದ ಆ ಸಭೆಯಿಂದ ಬಂದ ಮೇಲೆ ಆಗಲಿಲ್ಲ. ಅಡುಗೆಯಮ್ಮ ತೀರ್ಥಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ಹೊಸನಗರದ ಗೆಳೆಯರೊಬ್ಬರಿಂದ ಹಿಂದೆಯೇ ತಿಳಿದಿತ್ತು. ಹೋಗಲು ಕಾರಣಗಳಿದ್ದವು, ಹೋಗದಿರಲು ನೆಪಗಳೂ ಇದ್ದವು. ಮುಂದಿನ ವಾರ ಬಸ್ಸು ಹತ್ತಿದೆ.

ತೀರ್ಥಹಳ್ಳಿಯಲ್ಲಿ ತುಂಗೆಯ ಸೇತುವೆ ದಾಟಿ ಸ್ವಲ್ಪ ಮುಂದೆ, ಹೆಂಚಿನ ಚಿಕ್ಕ ಮನೆ. ಮಗಳು ಕೆಲಸಕ್ಕೆ ಹೋಗಿದ್ದಳು. ಅಡುಗೆಯಮ್ಮ ಜಗಲಿಯಲ್ಲಿ ಕುಳಿತು ಬೀನ್ಸ್ ಮುರಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಸರು ಹೇಳಿದೆ, ಪತ್ರಿಕೆಯಲ್ಲಿದ್ದವನು ಎಂದೆ, ಯಾವ ಊರಿನ ಯಾವ ಶಾಲೆಯ ವಿಷಯಕ್ಕೆ ಬಂದಿದ್ದೇನೆ ಎಂದೂ ಹೇಳಿದೆ. ಅವರು ಎದ್ದು ಹೋಗಿ ಒಂದು ಲೋಟ ತಂದರು. ಅಂಗಳದ ನಲ್ಲಿಯ ಬುಡದಲ್ಲಿ, ನನ್ನೆದುರಿಗೇ, ಅದನ್ನು ಎರಡು ಸಲ ತಿಕ್ಕಿ ತೊಳೆದರು.

"ನೋಡ್ಕಳಿ. ತೊಳ್ದಿದೀನಿ" ಎಂದು ನೀರು ತುಂಬಿಸಿ ಕೊಟ್ಟರು. "ಮಗಳು ಬೈತಾಳೆ, ಬಂದೋರ ಎದ್ರಿಗೆ ಎಂತಕ್ಕೆ ತೊಳೀತೀಯ, ಅವ್ರಿಗೇ ಮುಜುಗರ ಆಗ್ತದೆ ಅಂತ. ಅಭ್ಯಾಸ ಬಿದ್ದೋಗಿದೆ."

ನೀರು ಕುಡಿದೆ. ಬಂದ ವಿಷಯ ಹೇಳಿದೆ: ಆ ಸಭೆಯಲ್ಲಿ ಮೇಷ್ಟ್ರು ಒಪ್ಪಿರಲಿಲ್ಲ, ಎಲ್ಲರೂ ಒಪ್ಪಿದರೆಂದು ಬರೆದದ್ದು ನಾನು, ಅದು ತಪ್ಪಾಗಿತ್ತು. ಇಪ್ಪತ್ತು ವರ್ಷ ಬಾಯಲ್ಲಿದ್ದ ಮಾತು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಅವರು ಬೀನ್ಸಿನ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಅವ್ರು ನಮ್ಮನೆ ತಂಕ ಬಂದಿದ್ರು. ಪೇಪರ್ ಬಂದ ಮಾರನೆ ದಿನ. ಬೇಲಿ ಹತ್ರ ನಿಂತ್ಕಂಡು, ನಾನು ಒಪ್ಪಿಲ್ಲಮ್ಮ ಅಂದ್ರು. ನಾನು ಒಳಗೂ ಕರೀಲಿಲ್ಲ. ನನ್ನ ಸಾರು ಎರಡೆರಡು ಸಲ ಹಾಕಿಸ್ಕಂಡು ಉಂಡೋರು, ಇವ್ರೂ ನನ್ನ ಕೈ ಗಲೀಜು ಅಂದ್ರಲ್ಲ ಅಂತ ಹೊಟ್ಟೆ ಉರೀತಿತ್ತು. ಮಗಳು ಓದಿದ ಪೇಪರ್ ತಂದು ಮುಖಕ್ಕೆ ಹಿಡಿದೆ. ಇಷ್ಟ್ ಜನ ಓದೋ ಪೇಪರು ಸುಳ್ಳು, ನೀವೊಬ್ರು ಖರೇನಾ ಅಂದೆ."

"ಅವರು ಏನಂದರು?"

"ಪೇಪರ್‌ನಲ್ಲಿರೋನು ನನ್ನ ಹುಡುಗನೇ, ಹೇಳಿ ಸರಿ ಮಾಡಿಸ್ತೀನಿ, ಅಲ್ಲಿ ತನಕ ನಿಮ್ಮ ಅಂಗಳಕ್ಕೆ ಬರಲ್ಲ ಅಂದ್ರು. ಆ ಪೇಪರ್ ತುಂಡು ಕೊಡಿ ಅಂತ ಕೇಳಿ ಇಸ್ಕಂಡು ಹೋದ್ರು."

ನನ್ನ ಮೇಜಿನ ಮೇಲೆ ನೆರಿಗೆ ಬಿಡಿಸಿ ಇಟ್ಟದ್ದು ಆ ತುಂಡು. ಅದು ಯಾರ ಮನೆಯದೆಂದು ಅವರು ನನಗೆ ಹೇಳಿರಲಿಲ್ಲ.

"ಮಗಳು ಒಂದು ತಿಂಗ್ಳು ಪೇಪರ್ ನೋಡಿದ್ಲು. ಬರ್ಲೇ ಇಲ್ಲ. ಅವ್ರೂ ಬರ್ಲಿಲ್ಲ. ಹಂಗಾಗಿ ನಾನೂ ಅಂದ್ಕಂಡೆ, ಪೇಪರೇ ಖರೆ ಇರ್ಬೇಕು ಅಂತ. ಆಮೇಲೆ ದಾರೀಲಿ ಎರಡು ಮೂರು ಸಲ ಎದುರಾದ್ರು. ಕೈ ಎತ್ತಿದ್ರು. ನಾನು ಮುಖ ತಿರುಗಿಸ್ಕಂಡು ಹೋದೆ."

ಅವರು ಸಾಗರಕ್ಕೆ ಬಂದಿದ್ದರು, ಒಂದೇ ಸಾಲು ಕೇಳಿದ್ದರು, ನಾನು ಹಾಕಲಿಲ್ಲ ಎಂದೆ. ಅಡುಗೆಯಮ್ಮ ನನ್ನನ್ನು ಬೈಯಬಹುದಿತ್ತು. ಅದಕ್ಕೇ ಕಾಯುತ್ತಾ ಕುಳಿತಿದ್ದೆ. ಅವರು ರಸ್ತೆಯ ಕಡೆ ನೋಡಿದರು. ಒಂದು ಖಾಸಗಿ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು.

"ಅವ್ರ ಹೆಂಡ್ತಿ ಇದಾರಾ?" ಎಂದು ಕೇಳಿದರು.

"ಇಲ್ಲ. ಅವರಿಗಿಂತ ಮೊದಲೇ ಹೋದರು."

"ಮಕ್ಳು?"

"ಇರಲಿಲ್ಲ."

"ಹಂಗಾರೆ ನಾನು ಯಾರ ಹತ್ರ ಹೇಳ್ಲಿ?"

ಯಾರ ಹತ್ತಿರವೂ ಇಲ್ಲ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಊಟದ ಹೊತ್ತಾಯ್ತು, ಇರಿ, ಅನ್ನ ಆಗಿದೆ ಎಂದು ಒಳಗೆ ಹೋದರು. ಜಗಲಿಯಲ್ಲಿ ಒಬ್ಬನೇ ಕುಳಿತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಾರಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿಸಿತು. ಆ ಸಾರನ್ನು ಉಣ್ಣಲು ಬರಬೇಕಾಗಿದ್ದವನು ನಾನಲ್ಲ.